ಮೂರು ಜೋಡಿ ಓಟದ ಶೂ: ಸರದಿ ಹೇಗೆ, ಪರೀಕ್ಷೆ ಹೇಗೆ?

ಹಾದಿಗುಂಟ

ಈಗ ನನ್ನ ಬಳಿ ಓಟದ ಶೂ ಮೂರು ಜೋಡಿ ಇವೆ. ಒಂದು ದಿನನಿತ್ಯದ ದಪ್ಪ ಮೆತ್ತೆಯದು. ಡ್ರಾಪ್, ಅಂದರೆ ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, 10 ಮಿ.ಮೀ. ಇನ್ನೊಂದು ಹಗುರವಾದದ್ದು, ತೆಳು ತಳ, ಡ್ರಾಪ್ 5 ಮಿ.ಮೀ. ಮೂರನೆಯದು ಕಾರ್ಬನ್ ಪ್ಲೇಟ್, ಅಂದರೆ ತಳದೊಳಗೆ ಗಡುಸಾದ ಕಾರ್ಬನ್ ಹಲಗೆ, ಇರುವ ಸ್ಪರ್ಧೆಯ ಶೂ. ಮನೆಯೊಳಗೆ ಓಡಾಡಿದ್ದು ಬಿಟ್ಟರೆ ಅದಿನ್ನೂ ರಸ್ತೆಯನ್ನೇ ಕಂಡಿಲ್ಲ. ವಾರಕ್ಕೆ ನಾಲ್ಕು ಓಟ, ಒಟ್ಟು 40 ಕಿ.ಮೀ. ಆಸುಪಾಸು. ಮುಂದಿನ ಗುರಿ ಹಾಫ್ ಮ್ಯಾರಥಾನ್.

ಎರಡು ಪ್ರಶ್ನೆಗಳಿವೆ. ಇವನ್ನು ಸುಮ್ಮನೆ ದಿನಕ್ಕೊಂದರಂತೆ ತಿರುಗಿಸಿದರೆ ಸಾಕೇ, ಅಥವಾ ಓಟದ ಬಗೆ ನೋಡಿ ಹಾಕಿಕೊಳ್ಳಬೇಕೇ? ಯಾವುದು ನನ್ನ ಕಾಲಿಗೆ ನಿಜವಾಗಿ ಒಗ್ಗುತ್ತದೆ ಎಂದು ಪರೀಕ್ಷಿಸುವುದು ಹೇಗೆ? ವಿಮರ್ಶೆಗಳನ್ನು ಓದಿದರೆ ಎಲ್ಲ ಶೂಗಳೂ ಮೃದು, ಎಲ್ಲವೂ ಪುಟಿಯುತ್ತವೆ, ಎಲ್ಲವೂ ಹಿಂದಿನ ಆವೃತ್ತಿಗಿಂತ ಉತ್ತಮ. ಓದಿ ಓದಿ ತಲೆ ಕೆಟ್ಟಿದೆ.

ಒಂದೇಜೋಡಿ

ಒಂದನ್ನು ಇಟ್ಟುಕೊಂಡು ಉಳಿದವನ್ನು ಯಾರಿಗಾದರೂ ಕೊಟ್ಟುಬಿಡಿ, ತಲೆಬಿಸಿಯೇ ಇರುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ನಾವು ವಾರಕ್ಕೆ 40 ಕಿ.ಮೀ. ಓಡುವವರು, ನಮಗೆ ಮೂರು ಜೋಡಿ, ಅದಕ್ಕೊಂದು ವೇಳಾಪಟ್ಟಿ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ತಳಪಾಯ

ಬಿಕಿಲಾ ಅವರ ಕಥೆಯನ್ನು ಎಲ್ಲರೂ ಅರ್ಧಕ್ಕೇ ನಿಲ್ಲಿಸುತ್ತಾರೆ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಅವರೇ ಶೂ ಹಾಕಿಕೊಂಡು ಓಡಿದರು, ಮತ್ತೆ ಚಿನ್ನ ಗೆದ್ದರು, ಅದೂ ರೋಮ್‌ಗಿಂತ ಮೂರು ನಿಮಿಷ ಬೇಗ. ಶೂ ಇದ್ದದ್ದರಿಂದಲೇ ಬೇಗ ಮುಗಿಸಿದರು ಎಂದು ನಾನು ಹೇಳುವುದಿಲ್ಲ. ಬರಿಗಾಲಿನಿಂದಲೇ ಗೆದ್ದರು ಎಂದು ನೀವೂ ಹೇಳಬೇಡಿ.

ಹಾದಿಗುಂಟ ಅವರೇ, ಸರದಿಯ ವಿಷಯದಲ್ಲಿ ಎಲ್ಲರೂ ಎತ್ತಿ ತೋರಿಸುವುದು ಲಕ್ಸೆಂಬರ್ಗ್‌ನ ಸಂಶೋಧಕರ ಒಂದು ಅಧ್ಯಯನವನ್ನು. 2015ರಲ್ಲಿ ಮುದ್ರಣವಾಯಿತು. 264 ಹವ್ಯಾಸಿ ಓಟಗಾರರನ್ನು 22 ವಾರ ಗಮನಿಸಿದ್ದರು. ಒಂದಕ್ಕಿಂತ ಹೆಚ್ಚು ಬಗೆಯ ಶೂಗಳನ್ನು ಬದಲಾಯಿಸುತ್ತ ಓಡಿದವರಲ್ಲಿ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಕಂಡಿತು. ಆದರೆ ಅದು ಗಮನಿಸಿ ಬರೆದ ಲೆಕ್ಕವಷ್ಟೇ. ಚೀಟಿ ಎತ್ತಿ ಒಬ್ಬರಿಗೆ ಒಂದು ಜೋಡಿ, ಇನ್ನೊಬ್ಬರಿಗೆ ಮೂರು ಜೋಡಿ ಕೊಟ್ಟು ನೋಡಿದ್ದಲ್ಲ. ಹಲವು ಜೋಡಿ ಇಟ್ಟುಕೊಂಡವರು ಮೊದಲೇ ಅನುಭವಿಗಳಾಗಿರಬಹುದು, ತಮ್ಮ ದೇಹವನ್ನು ಬಲ್ಲವರಾಗಿರಬಹುದು. ಹಾಗಾಗಿ ಶೇ 39 ಎಂಬ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಬೇಡ.

ಆದರೂ ಅದರ ಹಿಂದಿನ ತರ್ಕ ನನಗೆ ಸರಿಯೆನಿಸುತ್ತದೆ. ಒಂದು ಕಿ.ಮೀ.ಗೆ ಹೆಚ್ಚುಕಡಿಮೆ ಸಾವಿರ ಹೆಜ್ಜೆ. ವಾರಕ್ಕೆ 40 ಕಿ.ಮೀ. ಎಂದರೆ 40,000 ಹೆಜ್ಜೆ. ಅಷ್ಟೂ ಒಂದೇ ಶೂನಲ್ಲಿ ಆದರೆ ಭಾರ ಪ್ರತಿ ಬಾರಿಯೂ ಅದೇ ಜಾಗಕ್ಕೆ, ಅದೇ ಕೋನದಲ್ಲಿ ಬೀಳುತ್ತದೆ. ಡ್ರಾಪ್ ಹೆಚ್ಚಿದ್ದರೆ ಮೊಣಕಾಲು ಹೆಚ್ಚು ದುಡಿಯುತ್ತದೆ. ಕಡಿಮೆಯಿದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜುವಿನ ಮೇಲೆ ಹೊರೆ. ಶೂ ಬದಲಾಯಿಸುವುದೆಂದರೆ ಹೊರೆಯನ್ನು ಹಂಚುವುದು. ಈ ಲೆಕ್ಕ ಹಿಡಿದರೆ ಒಂದೇ ಮಾದರಿಯ ಎರಡು ಜೋಡಿಗಳನ್ನು ದಿನ ಬಿಟ್ಟು ದಿನ ಹಾಕುವುದರಿಂದ ಕಾಲಿಗೆ ಏನೂ ಸಿಗುವುದಿಲ್ಲ, ಶೂ ಒಣಗಲು ಸಮಯ ಸಿಗುತ್ತದೆ ಅಷ್ಟೇ. ಸರದಿಯಲ್ಲಿರುವ ಜೋಡಿಗಳು ಒಂದಕ್ಕೊಂದು ಭಿನ್ನವಾಗಿರಬೇಕು. ನಿಮ್ಮವು ಭಿನ್ನವಾಗಿಯೇ ಇವೆ.

ಹಾದಿಗುಂಟ

ಆದರೆ ತಳದ ಮೆತ್ತೆಯ ಫೋಮ್‌ಗೆ ಮತ್ತೆ ಉಬ್ಬಲು 48 ಗಂಟೆ ಬೇಕು, ಅದಕ್ಕಾಗಿಯೇ ಸರದಿ ಎಂದು ಎಲ್ಲೆಡೆ ಬರೆದಿರುತ್ತಾರಲ್ಲ?

ತಳಪಾಯ

ಆ 48 ಗಂಟೆಯ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದು ದಿನ ಬಿಡುವು ನಿಜವಾಗಿ ಬೇಕಿರುವುದು ಬೆವರಿಗೆ. ಒದ್ದೆ ಶೂನಲ್ಲಿ ಚರ್ಮ ಉಜ್ಜಿ ಗುಳ್ಳೆಯೇಳುತ್ತದೆ, ಒಳಬಟ್ಟೆ ಬೇಗ ಹರಿಯುತ್ತದೆ, ವಾಸನೆ ಬೇರೆ. ಫೋಮ್ ಶಾಶ್ವತವಾಗಿ ಕಳೆದುಕೊಂಡದ್ದನ್ನು ಎಷ್ಟು ದಿನ ಕಪಾಟಿನಲ್ಲಿಟ್ಟರೂ ಮರಳಿ ಪಡೆಯುವುದಿಲ್ಲ. ಒಳಗಿನ ಪುಟ್ಟ ಗಾಳಿಕೋಶಗಳ ಗೋಡೆಗಳೇ ಮಡಚಿ ತೂತಾಗಿರುತ್ತವೆ.

ಹಳೆಯದಾದರೂ ಓದಬೇಕಾದ ಒಂದು ಅಧ್ಯಯನ 1985ರಲ್ಲಿ ಬಂತು. ಶೂಗಳನ್ನು ಯಂತ್ರದಲ್ಲಿ ಓಡಿಸಿ ನೋಡಿದಾಗ ಮೊದಲ 80 ಕಿ.ಮೀ.ನಲ್ಲೇ ಆಘಾತ ತಡೆಯುವ ಗುಣದ ಕಾಲು ಭಾಗ ಹೋಗಿತ್ತು, 800 ಕಿ.ಮೀ. ಹೊತ್ತಿಗೆ ಉಳಿದದ್ದು ಶೇ 60ಕ್ಕಿಂತ ಕಡಿಮೆ. ಮನುಷ್ಯರು ಓಡಿದ ಶೂಗಳು ಇದಕ್ಕಿಂತ ಚೆನ್ನಾಗಿ ಬಾಳಿದ್ದವು, ಅದೇ 800 ಕಿ.ಮೀ.ಗೆ ಶೇ 70ರಷ್ಟು ಉಳಿದಿತ್ತು. ಅವು ಅಂದಿನ ಕಾಲದ ಶೂಗಳು. ಈಗಿನ ಫೋಮ್‌ಗಳ ಅಂಕಿಗಳು ಬೇರೆ ಇರುತ್ತವೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಇದರಲ್ಲೊಂದು ಸುಳಿವಿದೆ. ಇಳಿತ ಆರಂಭದಲ್ಲೇ ಹೆಚ್ಚು. ಅಂದರೆ ನಿನ್ನೆ ತಂದ ಶೂವನ್ನು 400 ಕಿ.ಮೀ. ಓಡಿದ ಶೂ ಜೊತೆ ಹೋಲಿಸಿದರೆ ನೀವು ಅಳೆಯುತ್ತಿರುವುದು ಮಾದರಿಯನ್ನಲ್ಲ, ವಯಸ್ಸನ್ನು. ವಿಮರ್ಶೆಗಳಲ್ಲಿ ಹೊಸದೇ ಯಾವಾಗಲೂ ಗೆಲ್ಲಲು ಇದೂ ಒಂದು ಕಾರಣ.

ನಿಧಾನಗತಿ

ನಾನು ಹೊಸಬಳು. ವಾರಕ್ಕೆ ಎರಡೇ ದಿನ, ಓಟಕ್ಕಿಂತ ನಡಿಗೆಯೇ ಹೆಚ್ಚು. ನನಗೂ ಎರಡು ಜೋಡಿ ಬೇಕೇ?

ಕಲ್ಲುಮುಳ್ಳು

ಬೇಡ. ಈಗಿರುವುದು ಅರ್ಧ ಸವೆಯುವವರೆಗೆ ಅದರಲ್ಲೇ ಓಡಿ. ಆಮೇಲೆ ಇನ್ನೊಂದು ತಂದು ಎರಡನ್ನೂ ಕೆಲವು ತಿಂಗಳು ಒಟ್ಟಿಗೆ ಬಳಸಿ. ಸರದಿ ತಾನಾಗಿಯೇ ಶುರುವಾಗುತ್ತದೆ. ಆ ಎರಡನೆಯದು ಮೊದಲಿನದರ ತದ್ರೂಪ ಆಗದಿರಲಿ.

ನಾನು ಗುಡ್ಡದ ಹಾದಿಗಳಲ್ಲಿ ಓಡುವವನು. ಅಲ್ಲಿನ ಶೂಗಳ ಅಟ್ಟೆಯಲ್ಲಿ 4–5 ಮಿ.ಮೀ. ಎತ್ತರದ ರಬ್ಬರ್ ಗುಬಟುಗಳಿರುತ್ತವೆ. ಅವನ್ನು ಡಾಂಬರಿನ ಮೇಲೆ ಸರದಿಗೆ ಸೇರಿಸಬೇಡಿ, ಗುಬಟುಗಳು ನೋಡನೋಡುತ್ತಲೇ ಬೋಳಾಗುತ್ತವೆ. ಇನ್ನೊಂದು ವಿಷಯ: ಯಾವ ಶೂ ಆದರೂ ಒಣನೆಲದ ಪರೀಕ್ಷೆಯಷ್ಟೇ ಸಾಲದು. ಒದ್ದೆ ಕಲ್ಲಿನ ಮೇಲೆ ನಿಂತು, ಹೆಜ್ಜೆ ಊರಿ ಸ್ವಲ್ಪ ಪಕ್ಕಕ್ಕೆ ತಳ್ಳಿ ನೋಡಿ. ಓಡುವಾಗ ಜಾರುವುದಕ್ಕಿಂತ ನಿಂತಲ್ಲಿ ಜಾರಿ ತಿಳಿದುಕೊಳ್ಳುವುದು ಲೇಸು.

ಕೀಲುಮೂಳೆ

ನಾನು ಫಿಸಿಯೊಥೆರಪಿಸ್ಟ್. ತಳಪಾಯ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೊರೆ ಹಂಚುವುದು ಎಂದರೆ ಹಿಂದೆಂದೂ ದುಡಿಯದ ಜಾಗಕ್ಕೆ ಹೊಸದಾಗಿ ಹೊರೆ ಹೇರುವುದು ಕೂಡ ಹೌದು. 10 ಮಿ.ಮೀ. ಡ್ರಾಪ್‌ಗೆ ಒಗ್ಗಿದ ಕಾಲನ್ನು ಒಮ್ಮೆಲೇ 5ಕ್ಕೆ ಇಳಿಸಿ ಅದರಲ್ಲೇ ವೇಗದ ಓಟವನ್ನೂ ಮಾಡಿದರೆ ಮೊದಲು ದೂರು ಹೇಳುವುದು ಮೀನಖಂಡ. 553 ಓಟಗಾರರಿಗೆ 0, 6, 10 ಮಿ.ಮೀ. ಡ್ರಾಪ್‌ನ ಶೂಗಳನ್ನು ಚೀಟಿ ಎತ್ತಿದಂತೆ ಹಂಚಿ ಆರು ತಿಂಗಳು ನೋಡಿದ ಅಧ್ಯಯನವೊಂದಿದೆ. ಒಟ್ಟಾರೆ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಡಿಸಿ ನೋಡಿದಾಗ, ಅಪರೂಪಕ್ಕೆ ಓಡುವವರಿಗೆ ಕಡಿಮೆ ಡ್ರಾಪ್ ಅನುಕೂಲವಾಗಿತ್ತು, ನಿಯಮಿತವಾಗಿ ಓಡುವವರಲ್ಲಿ ಅದೇ ಗಾಯವನ್ನು ಹೆಚ್ಚಿಸಿತ್ತು. ಒಂದೇ ಶೂ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಉಪದ್ರವ.

ಹಗುರ ಶೂವನ್ನು ಮೊದಲು ಚಿಕ್ಕದಾದ, ನಿಧಾನದ ಓಟಕ್ಕೆ ಹಾಕಿ. ಮರುದಿನ ಮೆಟ್ಟಿಲಿಳಿಯುವಾಗ ಮೀನಖಂಡ ಸುಮ್ಮನಿದ್ದರೆ ಮುಂದಿನ ವಾರ ಸ್ವಲ್ಪ ಹೆಚ್ಚಿಸಿ.

ಕಾರ್ಬನ್ ಪ್ಲೇಟ್ ವಿಷಯದಲ್ಲಿ ನಾನು ಇನ್ನೂ ಬಿಗಿ. ಅಂಥ ಶೂ ಬಳಸುತ್ತಿದ್ದ ಐವರಿಗೆ ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆಯಲ್ಲಿ ಒತ್ತಡದ ಗಾಯವಾದದ್ದನ್ನು 2023ರಲ್ಲಿ ವೈದ್ಯರು ವರದಿ ಮಾಡಿದರು. ಐದು ಪ್ರಕರಣಗಳಿಂದ ಶೂವೇ ಕಾರಣ ಎಂದು ಸಾಬೀತಾಗುವುದಿಲ್ಲ. ಆದರೆ ಆ ಮೂಳೆ ಗುಣವಾಗಲು ಬಹಳ ಸತಾಯಿಸುತ್ತದೆ. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋಯುತ್ತದೆ ಎಂದಾದರೆ ಶೂ ಬದಲಾಯಿಸಿ ಓಡಬೇಡಿ, ಓಟ ನಿಲ್ಲಿಸಿ ತೋರಿಸಿಕೊಳ್ಳಿ.

ಅಗಲಪಾದ

ಎಲ್ಲರೂ ಫೋಮ್, ಪ್ಲೇಟ್ ಎಂದು ಮೇಲೆ ಮೇಲೆ ಹೋಗುತ್ತಿದ್ದೀರಿ. ಮೊದಲು ಶೂ ಕಾಲಿಗೆ ಹಿಡಿಸಬೇಕಲ್ಲ?

ಒಂದು ಅಂಗಡಿಯಲ್ಲಿ ನನ್ನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸಿ, ಪಾದ ಒಳಕ್ಕೆ ವಾಲುತ್ತದೆ ಎಂದು ಗಡುಸಾದ ಆಧಾರವಿರುವ ಶೂವನ್ನು ಕಟ್ಟಿಕೊಟ್ಟರು. ಒಳಕಮಾನಿಗೆ ಅದು ಒತ್ತುತ್ತಿದ್ದ ಪರಿಗೆ ನಾನು ಓಟವನ್ನೇ ಬಿಡುವುದರಲ್ಲಿದ್ದೆ. ಡೆನ್ಮಾರ್ಕ್‌ನಲ್ಲಿ 927 ಹೊಸ ಓಟಗಾರರಿಗೆ ಪಾದದ ವಾಲುವಿಕೆ ಹೇಗೇ ಇರಲಿ ಒಂದೇ ಸಾಧಾರಣ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಒಳಕ್ಕೆ ವಾಲುವ ಪಾದದವರಿಗೆ ಹೆಚ್ಚು ಗಾಯವೇನೂ ಆಗಲಿಲ್ಲ. ಆ ಫಲಿತಾಂಶ 2014ರಲ್ಲೇ ಬಂದಿದ್ದರೂ ಟ್ರೆಡ್‌ಮಿಲ್ ನಾಟಕ ಮಾತ್ರ ನಿಂತಿಲ್ಲ.

ನಾನು ನೋಡುವುದು ಇಷ್ಟು. ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ ಹಾಕಿ ನೋಡುತ್ತೇನೆ, ಓಡುವಾಗ ಹಾಕುವ ಕಾಲುಚೀಲವನ್ನೇ ಜೊತೆಗೆ ಒಯ್ಯುತ್ತೇನೆ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು. ಒಳಗಿನ ಮೆತ್ತೆಯನ್ನು ಹೊರಗೆಳೆದು ಅದರ ಮೇಲೆ ನಿಲ್ಲುತ್ತೇನೆ. ಕಿರುಬೆರಳು ಅಂಚು ದಾಟಿ ಹೊರಗೆ ಚಾಚಿದರೆ ಆ ಶೂ ನನಗಲ್ಲ, ಎಷ್ಟು ನಕ್ಷತ್ರಗಳ ವಿಮರ್ಶೆ ಇದ್ದರೂ ಅಷ್ಟೇ. ಹಿಮ್ಮಡಿ ಮೇಲೆ ಕೆಳಗೆ ಆಡುತ್ತಿದ್ದರೆ ಕೊನೆಯ ಹೆಚ್ಚುವರಿ ತೂತಿನಲ್ಲಿ ಲೇಸನ್ನು ಹೊರಗಿನಿಂದ ಒಳಕ್ಕೆ ತೂರಿಸಿ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ಎಳೆದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ. ಪಾದದ ಮೇಲ್ಭಾಗ ಒತ್ತುತ್ತಿದ್ದರೆ ಆ ಜಾಗದಲ್ಲಿ ಅಡ್ಡ ಹಾಯಿಸದೆ ಎರಡೂ ಬದಿಯಲ್ಲಿ ಲೇಸನ್ನು ನೇರ ಮೇಲಕ್ಕೆ ಒಯ್ದು, ಮುಂದಿನ ತೂತಿನಿಂದ ಮತ್ತೆ ಅಡ್ಡ ಹಾಕಿ. ಶೂ ಕೆಟ್ಟದ್ದು ಎಂದು ತೀರ್ಮಾನಿಸುವ ಮೊದಲು ಈ ಎರಡನ್ನೂ ಮಾಡಿ ನೋಡಿ.

ಒಂದೇಜೋಡಿ

ಅಗಲಪಾದ ಅವರ ಮಾತು ಕೆಲಸಕ್ಕೆ ಬರುವಂಥದ್ದು. ಹಾಗಾದರೆ ನನಗೂ ಒಂದು ಸಂದೇಹ. ನನ್ನ ಜೋಡಿ ಮುಗಿಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನಾನು ಕಿ.ಮೀ. ಲೆಕ್ಕ ಇಡುವವನಲ್ಲ. ಬಲಗಾಲಿನ ಹಿಮ್ಮಡಿಯ ಹೊರಬದಿಯಲ್ಲಿ ಕಪ್ಪು ರಬ್ಬರ್ ಹೋಗಿ ಬಿಳಿ ಫೋಮ್ ಕಾಣುತ್ತಿದೆ.

ತಳಪಾಯ

ಹಿಮ್ಮಡಿಯ ಹೊರ ಅಂಚು ಸವೆಯುವುದು ಸಾಮಾನ್ಯ. ಬಹುತೇಕರ ಕಾಲು ನೆಲ ಮುಟ್ಟುವುದೇ ಅಲ್ಲಿ. ಆದರೆ ಫೋಮ್ ಕಾಣಿಸಿದೆ ಎಂದರೆ ಇನ್ನು ಅಲ್ಲಿ ಸವೆತಕ್ಕೆ ತಡೆಯಿಲ್ಲ.

ಎರಡೂ ಶೂಗಳನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಹಿಂದಿನಿಂದ ನೋಡಿ. ಹಿಮ್ಮಡಿಯ ಬಟ್ಟಲು ನೆಟ್ಟಗೆ ನಿಂತಿದೆಯೇ, ಒಂದು ಕಡೆಗೆ ವಾಲಿದೆಯೇ? ಆಮೇಲೆ ಪಕ್ಕದಿಂದ ನೋಡಿ. ಫೋಮ್‌ನ ಗೋಡೆಯ ಮೇಲೆ ಅಡ್ಡಡ್ಡ ಸುಕ್ಕುಗಳಿರುತ್ತವೆ. ಬೆರಳಿನಿಂದ ಒತ್ತಿ ಬಿಟ್ಟಾಗ ಅವು ಬಿಡಿಸಿಕೊಳ್ಳುತ್ತವೆಯೋ ಅಥವಾ ಭಾರವೇ ಇಲ್ಲದಾಗಲೂ ಮಡಚಿಕೊಂಡೇ ಇವೆಯೋ ನೋಡಿ. ಕೊನೆಗೆ ಒಳಗೆ ಕೈ ಹಾಕಿ ಹಿಮ್ಮಡಿಯ ಒಳಬಟ್ಟೆ ಸವರಿ. ಹರಿದು ಗಟ್ಟಿ ಪ್ಲಾಸ್ಟಿಕ್ ಬೆರಳಿಗೆ ತಾಗಿದರೆ ಗುಳ್ಳೆಗೆ ಆಹ್ವಾನ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಎನ್ನುತ್ತಾರೆ. ಅದು ದೇಹದ ತೂಕ, ನೆಲ, ಫೋಮ್ ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ.

ಓಡುವ ವಾಚ್‌ಗಳ ಆ್ಯಪ್‌ಗಳಲ್ಲಿ ಶೂ ಹೆಸರು ಸೇರಿಸಿದರೆ ದೂರ ತಾನಾಗಿಯೇ ಕೂಡುತ್ತದೆ. ಅದೂ ಬೇಡವೆಂದರೆ ನಾಲಗೆಯ ಒಳಬದಿಯಲ್ಲಿ ಕೊಂಡ ತಿಂಗಳನ್ನು ಬರೆದಿಡಿ.

ಒಂದೇಜೋಡಿ

ವಾಲಿದೆ. ಸುಕ್ಕೂ ಇದೆ. ಹೊಸದು ತರುತ್ತೇನೆ, ಆದರೆ ಒಂದೇ.

ಅಂಕಿಅಂಶ

ಪರೀಕ್ಷೆಯ ಬಗ್ಗೆ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ. ನಾನು ಪ್ರತಿ ಓಟಕ್ಕೂ ಶೂ, ವೇಗ, ಹೃದಯ ಬಡಿತ, ಹೆಜ್ಜೆಯ ದರ, ತಾಪಮಾನ, ತೇವಾಂಶ, ನಿದ್ದೆಯ ಗಂಟೆಗಳು, ಶೂ ತೂಕ ಇಷ್ಟನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ಹಾಕುತ್ತೇನೆ. ಕೆಲವು ತಿಂಗಳ ಸರಾಸರಿ ತೆಗೆದರೆ ಯಾವ ಶೂನಲ್ಲಿ ಹೃದಯ ಬಡಿತ ಕಡಿಮೆ ಎಂದು ಕಾಣುತ್ತದೆ. ತೂಕವನ್ನು ಯಾರೂ ಮರೆಯಬೇಡಿ: ಪ್ರತಿ ಕಾಲಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು.

ಕಲ್ಲುಮುಳ್ಳು

ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಸರ್. ಇಷ್ಟೆಲ್ಲ ತುಂಬಿಸಿದ ಮೇಲೆ ಓಡಲು ಹೊತ್ತು ಉಳಿಯುತ್ತದೆಯೇ?

ತಳಪಾಯ

ಹೊತ್ತಿನ ಪ್ರಶ್ನೆ ಅವರಿಗೆ ಬಿಟ್ಟದ್ದು. ನನ್ನ ತಕರಾರು ಬೇರೆ. ಅಂಕಿಅಂಶ ಅವರೇ, ನೀವು ಹಗುರ ಶೂವನ್ನು ವೇಗದ ದಿನ ಹಾಕುತ್ತೀರಿ, ದಪ್ಪದ್ದನ್ನು ದಣಿದ ದಿನ. ಸರಾಸರಿ ತೆಗೆದಾಗ ಬರುವುದು ಶೂ ಫಲಿತಾಂಶವಲ್ಲ, ನಿಮ್ಮ ವಾರದ ಫಲಿತಾಂಶ. ಸೆಖೆ, ನಿದ್ದೆ, ಆಯಾಸ ಇವುಗಳಿಂದ ಹೃದಯ ಬಡಿತ ದಿನದಿಂದ ದಿನಕ್ಕೆ ಹಲವು ಅಂಕಿ ಆಚೀಚೆ ಆಗುತ್ತದೆ. ಶೂನಿಂದಾಗುವ ಶೇ 1–2ರ ವ್ಯತ್ಯಾಸ ಆ ಗದ್ದಲದಲ್ಲಿ ಎಲ್ಲಿ ಕೇಳಿಸಬೇಕು?

ಎರಡು ಶೂಗಳನ್ನು ಹೋಲಿಸಲೇಬೇಕು ಎಂದಿದ್ದರೆ ಒಂದೇ ದಿನ, ಒಂದೇ ಜಾಗದಲ್ಲಿ ಹೋಲಿಸಿ. 400 ಮೀಟರ್ ಟ್ರ್ಯಾಕ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಏರಿಳಿತವಿಲ್ಲದ, ಅಳತೆ ಗೊತ್ತಿರುವ ಒಂದು ಸುತ್ತು. ಜಿಪಿಎಸ್ ತೋರಿಸುವ ವೇಗವನ್ನು ನಂಬಬೇಡಿ, ಸುತ್ತಿನ ಗುಂಡಿಯನ್ನು ಕೈಯಲ್ಲೇ ಒತ್ತಿ. ಹೃದಯ ಬಡಿತಕ್ಕೆ ಮಣಿಕಟ್ಟಿನ ಸಂವೇದಕಕ್ಕಿಂತ ಎದೆಪಟ್ಟಿ ವಾಸಿ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಶೂಗಳನ್ನು ಅ ಮತ್ತು ಬ ಎಂದು ಕರೆದುಕೊಂಡು, ಅ, ಬ, ಬ, ಅ ಈ ಕ್ರಮದಲ್ಲಿ ನಾಲ್ಕು ಬಾರಿ ಓಡಿ. ಪ್ರತಿ ಬಾರಿಯೂ ಅದೇ ವೇಗ, ಐದಾರು ನಿಮಿಷ, ನಡುವೆ ಅಷ್ಟೇ ಬಿಡುವು. ಪ್ರತಿ ಓಟದ ಕೊನೆಯ ಎರಡು ನಿಮಿಷದ ಹೃದಯ ಬಡಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಈ ವಿಚಿತ್ರ ಕ್ರಮ ಏಕೆಂದರೆ, ವೇಗ ಬದಲಾಗದಿದ್ದರೂ ಹೊತ್ತು ಕಳೆದಂತೆ ಹೃದಯ ಬಡಿತ ಏರುತ್ತ ಹೋಗುತ್ತದೆ. ಪ್ರತಿ ಓಟಕ್ಕೆ 2 ಏರುತ್ತದೆ ಎಂದುಕೊಳ್ಳಿ. ಅ ಶೂಗೆ ಸಿಗುವುದು 0 ಮತ್ತು 6, ಸರಾಸರಿ 3. ಬ ಶೂಗೆ 2 ಮತ್ತು 4, ಸರಾಸರಿ 3. ಏರಿಕೆ ಎರಡೂ ಕಡೆ ಸಮನಾಗಿ ಹಂಚಿಹೋಗಿ, ಉಳಿದದ್ದು ಶೂ ವ್ಯತ್ಯಾಸ. ಸುಮ್ಮನೆ ಅ, ಬ, ಅ, ಬ ಎಂದು ಓಡಿದರೆ ಬ ಯಾವಾಗಲೂ ಸ್ವಲ್ಪ ಸೋಲುತ್ತದೆ, ಪಾಪ, ಅದರ ತಪ್ಪಿಲ್ಲದೆ.

ಅಂಕಿಅಂಶ

ಕ್ರಮದ ವಿಷಯ ಒಪ್ಪಿದೆ, ನನ್ನ ಹಾಳೆಯಲ್ಲಿ ಅದು ಇರಲಿಲ್ಲ. ಆದರೆ ಇದರಲ್ಲೂ ಒಂದು ತೂತಿದೆ. ಕಾಲಿನಲ್ಲಿರುವುದು ಯಾವ ಶೂ ಎಂದು ನಮಗೆ ಗೊತ್ತಿರುತ್ತದೆ. ದುಬಾರಿ ಶೂ ಹಾಕಿಕೊಂಡ ಮನಸ್ಸು ಕಾಲನ್ನು ಸ್ವಲ್ಪ ಎತ್ತಿಯೇ ಇಡುತ್ತದೆ. ಮಾತ್ರೆಯ ಪರೀಕ್ಷೆಯಂತೆ ಇಲ್ಲಿ ಗುಟ್ಟಾಗಿ ಬದಲಾಯಿಸುವಂತಿಲ್ಲ.

ಕೀಲುಮೂಳೆ

ನಿಜ. ಅದಕ್ಕೇ ನಾನು ಹೃದಯ ಬಡಿತಕ್ಕಿಂತ ಹಿತವನ್ನು ಹೆಚ್ಚು ನಂಬುತ್ತೇನೆ. ದೇಹದ ಚಲನೆಯ ಸಂಶೋಧಕ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಾದವೂ ಇದೇ ದಾರಿಯದು: ಓಟಗಾರ ತನಗೆ ಹಿತವೆನಿಸಿದ ಶೂವನ್ನು ಆರಿಸಿಕೊಂಡಾಗ ದೇಹ ತನ್ನ ಸಹಜ ಚಲನೆಯಲ್ಲಿ ಉಳಿಯುತ್ತದೆ, ಗಾಯವನ್ನು ತಪ್ಪಿಸುವ ಜರಡಿಯೂ ಅದೇ ಆಗಬಹುದು. ಇದು ಇನ್ನೂ ವಾದವೇ, ಪೂರ್ತಿ ಸಾಬೀತಾದ ನಿಯಮವಲ್ಲ. ಆದರೆ ಹಿತವನ್ನು ಅಂಗಡಿಯ ಎರಡು ನಿಮಿಷದಲ್ಲಿ ಅಳೆಯಬಾರದು. ನಿಂತಾಗ ಮೆತ್ತಗೆನಿಸಿದ್ದು ಎಂಟನೆಯ ಕಿ.ಮೀ.ನಲ್ಲಿ ಕಾಲು ಹೂತಂತೆ ಅನ್ನಿಸಬಹುದು.

ಹಾದಿಗುಂಟ

ಎಲ್ಲರಿಗೂ ಧನ್ಯವಾದ. ತಳಪಾಯ ಅವರು ಹೇಳಿದಂತೆ ಟ್ರ್ಯಾಕ್‌ನಲ್ಲಿ ಮಾಡಿ ನೋಡಿದೆ. ಹೊಸ ಶೂ ವಯಸ್ಸಿನ ಸಮಸ್ಯೆ ಬರಬಾರದೆಂದು ಮೊದಲು ಹಗುರ ಜೋಡಿಯಲ್ಲಿ ಕೆಲವು ವಾರ ಸಣ್ಣ ಓಟಗಳನ್ನು ಮುಗಿಸಿಕೊಂಡೆ.

ದಪ್ಪ ಮೆತ್ತೆಯದಕ್ಕೂ ಹಗುರವಾದದ್ದಕ್ಕೂ ಸರಾಗ ಓಟದ ವೇಗದಲ್ಲಿ ಹೃದಯ ಬಡಿತದ ವ್ಯತ್ಯಾಸ ಹೇಳುವಷ್ಟು ಇಲ್ಲ. ಅ ಶೂನ ಎರಡು ಓಟಗಳ ನಡುವೆ ಇದ್ದ ವ್ಯತ್ಯಾಸವೇ ಅ ಮತ್ತು ಬ ನಡುವಿನದಕ್ಕಿಂತ ದೊಡ್ಡದು. ಆದರೆ ಸದ್ದಿನಲ್ಲಿ ವ್ಯತ್ಯಾಸವಿತ್ತು. ದಪ್ಪ ಶೂ ಪಟ್ ಪಟ್ ಎಂದು ಬಡಿಯುತ್ತದೆ. ಹಗುರವಾದದ್ದು ಅಷ್ಟು ಸದ್ದು ಮಾಡುವುದಿಲ್ಲ, ಹೆಜ್ಜೆಯೂ ತುಸು ಚಿಕ್ಕದಾಗುತ್ತದೆ.

ಕಾರ್ಬನ್ ಪ್ಲೇಟ್ ಶೂವನ್ನು ಬೇರೆ ದಿನ, ಸ್ಪರ್ಧೆಯ ವೇಗದಲ್ಲಿ ಹಗುರ ಶೂ ಜೊತೆ ಹೋಲಿಸಿದೆ. ಎರಡೂ ಬಾರಿ ಹೃದಯ ಬಡಿತ ಸ್ವಲ್ಪ ಕಡಿಮೆ ಬಂತು. ಆದರೆ ನಿಧಾನವಾಗಿ ಓಡಿ ಟ್ರ್ಯಾಕ್‌ನ ತಿರುವಿಗೆ ಬಂದಾಗ ಪಾದ ಪಕ್ಕಕ್ಕೆ ತೊನೆದಂತೆ ಆಗುತ್ತದೆ. ತಳ ಎತ್ತರ, ಹಿಮ್ಮಡಿಯ ಕಡೆ ಕಿರಿದು. ಹಾಫ್ ಮ್ಯಾರಥಾನ್‌ಗೆ ಇದನ್ನೇ ಹಾಕಲೇ?

ತಳಪಾಯ

ಹಾಕಿ ಎನ್ನುತ್ತೇನೆ, ಆದರೆ ಶೇ 4 ಎಂಬ ಕನಸು ಬೇಡ. ನೈಕಿಯ ಪ್ಲೇಟ್ ಶೂ ವೇಪರ್‌ಫ್ಲೈ 2017ರಲ್ಲಿ ಬಂದಾಗ ಹಬ್ಬಿದ ಆ ಅಂಕಿ 18 ಮಂದಿ ಗಟ್ಟಿ ಓಟಗಾರರನ್ನು ಗಂಟೆಗೆ 14, 16, 18 ಕಿ.ಮೀ. ವೇಗದಲ್ಲಿ ಓಡಿಸಿ ತೆಗೆದ ಸರಾಸರಿ ಶಕ್ತಿ ಉಳಿತಾಯ. ಶಕ್ತಿಯಲ್ಲಿ ಶೇ 4 ಎಂದರೆ ಸಮಯದಲ್ಲಿ ಶೇ 4 ಅಲ್ಲ. ಅದೇ ಸಾಲಿನ ಶೂವನ್ನು ನಿಧಾನದ ವೇಗದಲ್ಲಿ ಅಳೆದವರಿಗೆ ಗಂಟೆಗೆ 12 ಕಿ.ಮೀ.ಗೆ ಶೇ 1.4, 10 ಕಿ.ಮೀ.ಗೆ ಶೇ 0.9 ಮಾತ್ರ ಸಿಕ್ಕಿತು. ಒಬ್ಬೊಬ್ಬರಲ್ಲೂ ಅಂತರ ದೊಡ್ಡದು: ಕೀನ್ಯಾದ ಏಳು ವಿಶ್ವದರ್ಜೆಯ ಓಟಗಾರರಿಗೆ ಬೇರೆ ಬೇರೆ ಪ್ಲೇಟ್ ಶೂಗಳನ್ನು ಹಾಕಿ ತೆಳು ತಳದ ಶೂಗೆ ಹೋಲಿಸಿದಾಗ ಶೇ 11ರಷ್ಟು ಲಾಭವೂ ಕಂಡಿತು, ಶೇ 11ರಷ್ಟು ನಷ್ಟವೂ ಕಂಡಿತು. ಹಾಗಾಗಿ ನಿಮ್ಮ ಟ್ರ್ಯಾಕ್‌ನ ಎರಡು ಓಟ ಯಾವ ಜಾಹೀರಾತಿಗಿಂತಲೂ ಹೆಚ್ಚು ತೂಕದ್ದು.

ಕೀಲುಮೂಳೆ

ನಾನು ಒಪ್ಪುವುದಿಲ್ಲ. ನೇರ ದಾರಿಯಲ್ಲಿ ಸಿಗುವ ಶೇ 1ಕ್ಕಾಗಿ ತಿರುವಿನಲ್ಲಿ ತೊನೆಯುವ ಶೂ ಏಕೆ? ಸ್ಪರ್ಧೆಯ ಕೊನೆಯ 5 ಕಿ.ಮೀ.ನಲ್ಲಿ ದಣಿದ ಕಾಲು ಟ್ರ್ಯಾಕ್‌ನಲ್ಲಿದ್ದ ಕಾಲಿನಂತೆ ಇರುವುದಿಲ್ಲ. ಮಾರ್ಗದಲ್ಲಿ ಚೂಪಾದ ತಿರುವುಗಳೂ ಇಳಿಜಾರೂ ಎಷ್ಟಿವೆ ಎಂದು ಮೊದಲು ನೋಡಿ. ಹೆಚ್ಚಿದ್ದರೆ ಹಗುರ ಜೋಡಿಯೇ ಸಾಕು.

ನಿಧಾನಗತಿ

ನಡುವೆ ಬಾಯಿ ಹಾಕುತ್ತೇನೆ. ತಳ ತುಂಬ ಎತ್ತರವಿದ್ದರೆ ಸ್ಪರ್ಧೆಯಲ್ಲಿ ನಿಷೇಧವಂತೆ, ಹೌದೇ?

ಅಂಕಿಅಂಶ

ರಸ್ತೆ ಓಟಕ್ಕೆ ಅಥ್ಲೆಟಿಕ್ಸ್‌ನ ವಿಶ್ವ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ 40 ಮಿ.ಮೀ. ಮಿತಿ ಹಾಕಿತು, ಜೊತೆಗೆ ಶೂ ಒಳಗೆ ಒಂದೇ ಪ್ಲೇಟ್ ಎಂದೂ ಹೇಳಿತು. ಅದಕ್ಕೆ ಹಿಂದಿನ ವರ್ಷ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೊಗೆ ಮ್ಯಾರಥಾನ್ ದೂರವನ್ನು 1:59:40ಕ್ಕೆ ಮುಗಿಸಿದ ಮೇಲೆ ಶೂ ಬಗ್ಗೆ ಎದ್ದ ಗಲಾಟೆ ನೆನಪಿರಬಹುದು. ಟ್ರ್ಯಾಕ್ ಸ್ಪರ್ಧೆಗಳಿಗೆ 2024ರ ನವೆಂಬರ್‌ನಿಂದ ಮಿತಿ 20 ಮಿ.ಮೀ. ದಾಖಲೆ, ಬಹುಮಾನಗಳ ಹಂಗಿಲ್ಲದೆ ಹಿಂದಿನ ಸಾಲಿನಲ್ಲಿ ಓಡುವ ನಮ್ಮ ಶೂಗಳನ್ನು ಯಾರೂ ಸ್ಕೇಲು ಹಿಡಿದು ಅಳೆಯುವುದಿಲ್ಲ.

ಹಾದಿಗುಂಟ

ಮಾರ್ಗದ ನಕ್ಷೆ ನೋಡಿದೆ. ಹಿಂದಕ್ಕೆ ತಿರುಗುವ ಜಾಗ ಒಂದೇ, ಉಳಿದದ್ದು ಬಹುತೇಕ ನೇರ. ಹಾಗಾಗಿ ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ದೀರ್ಘ ಓಟ ಮತ್ತು ದಣಿವಿನ ಮರುದಿನದ ಓಟ ದಪ್ಪ ಮೆತ್ತೆಯಲ್ಲಿ, ಟೆಂಪೋ (ಒಂದೇ ಸಮನೆ ವೇಗದ ಓಟ) ಮತ್ತು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಓಡುವ ವೇಗದ ತುಣುಕುಗಳು) ಹಗುರವಾದದ್ದರಲ್ಲಿ, ನಾಲ್ಕನೆಯ ಓಟಕ್ಕೆ ಕಾಲು ಯಾವುದನ್ನು ಕೇಳುತ್ತದೋ ಅದು. ಪ್ಲೇಟ್ ಶೂನಲ್ಲಿ ಸ್ಪರ್ಧೆಗೆ ಮೊದಲು ಸ್ಪರ್ಧೆಯ ವೇಗದ ಒಂದು ದೀರ್ಘ ಓಟ ಮಾಡುತ್ತೇನೆ. ಕೊನೆಯ ಭಾಗದಲ್ಲಿ ಪಾದ ತೊನೆದರೆ ಕೀಲುಮೂಳೆ ಅವರ ಮಾತು, ಇಲ್ಲದಿದ್ದರೆ ತಳಪಾಯ ಅವರ ಮಾತು.

ಕೀಲುಮೂಳೆ

ಆ ಓಟದ ಕೊನೆಯಲ್ಲಿ ಯಾರಾದರೂ ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆಯಲಿ. ತೊನೆಯುವುದು ಓಡುವವರಿಗೆ ಯಾವಾಗಲೂ ಗೊತ್ತಾಗುವುದಿಲ್ಲ.

ಅಗಲಪಾದ

ಅದೇ ಓಟಕ್ಕೆ ಸ್ಪರ್ಧೆಯ ದಿನದ ಕಾಲುಚೀಲವನ್ನೇ ಹಾಕಿ. ಪ್ಲೇಟ್ ಶೂಗಳ ಮೇಲ್ಬಟ್ಟೆ ತೆಳು, ನಾಲಗೆ ಕಾಗದದಷ್ಟು. ಲೇಸ್ ಬಿಗಿದರೆ ಪಾದದ ಮೇಲೆ ಗೆರೆ ಮೂಡುತ್ತದೆ, ಸಡಿಲಿಸಿದರೆ ಹಿಮ್ಮಡಿ ಜಾರುತ್ತದೆ. ಎಷ್ಟು ಬಿಗಿಯಬೇಕು ಎಂಬುದು ಅಂದೇ ಗೊತ್ತಾಗಲಿ. ಶೂ ನೆನೆದರೆ ಬಿಸಿಲಿಗಾಗಲಿ ಹೀಟರ್ ಮುಂದಾಗಲಿ ಇಡಬೇಡಿ, ಅಂಟು ಬಿಡುತ್ತದೆ. ಒಳಮೆತ್ತೆ ತೆಗೆದು, ಹಳೆಯ ಪತ್ರಿಕೆ ತುರುಕಿ ಗಾಳಿಗಿಡಿ. ಒಂದೆರಡು ಗಂಟೆಯ ನಂತರ ಆ ಒದ್ದೆ ಕಾಗದ ತೆಗೆದು ಬೇರೆ ತುರುಕುವುದನ್ನು ಮರೆಯಬೇಡಿ.